ಹತ್ತು ಪಿಕ್ಸೆಲ್ ಕಮ್ಮಿ

ಮೊನ್ನೆ ಶನಿವಾರ ರಾತ್ರಿ ಹನ್ನೊಂದು ಜನರ ಎದುರು ಕೂತು ಮೂರು ಗಂಟೆ ಒಂದೇ ತಪ್ಪು ಹುಡುಕಿದೆ. ಹನ್ನೊಂದು ಅಂದರೆ ನನ್ನ ಲೈವ್‌ಗೆ ಜಾಸ್ತಿಯೇ. ದಿನಾ ಐದಾರು ಮಂದಿ ಇರುತ್ತಾರೆ, ಅದರಲ್ಲಿ ಒಂದು ನನ್ನದೇ ಫೋನು.

ಹೊಸಬರಿಗೆ ಹೇಳುವುದಾದರೆ, ನಾನು ಉಡುಪಿ ಸಂತೆಕಟ್ಟೆ ಹತ್ತಿರದ ನಮ್ಮ ಮನೆಯಲ್ಲಿ, ಆಫೀಸ್ ಮುಗಿದ ಮೇಲೆ, ಒಬ್ಬನೇ ಕೂತು ಕಂಬಳದ ಗೇಮ್ ಮಾಡುತ್ತಿದ್ದೇನೆ. ಇಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಗೊಡೊ. ದುಡ್ಡು ಕೊಡಬೇಕಾಗಿಲ್ಲ, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಮಾಡುವುದನ್ನೆಲ್ಲ ಓಬಿಎಸ್ ಅನ್ನುವ ಲೈವ್ ಸಾಫ್ಟ್‌ವೇರ್ ಹಾಕಿ ಯೂಟ್ಯೂಬ್‌ಗೆ ಲೈವ್ ಬಿಡುತ್ತೇನೆ. 720ಪಿ, ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, 2500. ಅದಕ್ಕಿಂತ ಏರಿಸಿದರೆ ನಮ್ಮ ನೆಟ್ ಉಸಿರು ಬಿಡುತ್ತದೆ.

ಈ ಹುಚ್ಚು ಹತ್ತಿದ್ದು ಅಮೆರಿಕದ ಪ್ರೋಗ್ರಾಮರ್ ಕೇಸಿ ಮುರಾಟೋರಿಯಿಂದ. ಅವರು 2014ರ ನವೆಂಬರ್‌ನಲ್ಲಿ ಟ್ವಿಚ್ ಅನ್ನುವ ಲೈವ್ ಸೈಟ್‌ನಲ್ಲಿ 'ಹ್ಯಾಂಡ್‌ಮೇಡ್ ಹೀರೋ' ಶುರು ಮಾಡಿ, ಒಂದು ಗೇಮನ್ನು ಮೊದಲ ಸಾಲಿನಿಂದ ಎಲ್ಲರ ಎದುರೇ ಬರೆಯುತ್ತಾ ಹೋದರು, ಕೊನೆಗೆ ನೋಡುಗರ ಪ್ರಶ್ನೆಗೆ ಉತ್ತರ. ನನ್ನ ಲೈವ್‌ನಲ್ಲಿ ಪ್ರಶ್ನೆ ಕೇಳುವುದಕ್ಕಿಂತ ಬೈಯುವವರೇ ಜಾಸ್ತಿ.

ಮಳೆಗಾಲದ ಲೈವ್ ಬೇರೆಯೇ ಕಥೆ. ಗುಡುಗು ಕೇಳಿದರೆ ಮಾತು ಅರ್ಧಕ್ಕೆ ಬಿಟ್ಟು ರೂಟರ್ ವಯರ್ ಎಳೆಯಲು ಓಡಬೇಕು, ಒಂದು ರೂಟರ್ ಆಗಲೇ ಸಿಡಿಲಿಗೆ ಹೋಗಿದೆ. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಓಬಿಎಸ್‌ನಲ್ಲಿ ಆರ್‌ಎನ್‌ನಾಯ್ಸ್ ಫಿಲ್ಟರ್ ಇದೆ, ಸದ್ದನ್ನು ಚೆನ್ನಾಗಿ ನುಂಗುತ್ತದೆ. ಆದರೆ ಮನುಷ್ಯರ ದನಿ ಉಳಿಸುವುದೇ ಅದರ ಕೆಲಸ ಅಲ್ವಾ? ಹಾಗಾಗಿ ಅಡುಗೆಮನೆಯಿಂದ ಅಮ್ಮ "ಗಂಜಿ ತಣ್ಣಗಾಯ್ತು, ಎಂತ ಮಾಡ್ತಿದ್ದಿ ಮಾರಾಯ?" ಅನ್ನುವುದು ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತದೆ. ಚಾಟ್‌ನಲ್ಲಿ ಈಗ ಅಮ್ಮನಿಗೇ ಫ್ಯಾನ್ಸ್ ಜಾಸ್ತಿ.

ಶನಿವಾರ ಹಿಡಿದದ್ದು ಕನೆಹಲಗೆ, ಕೋಣಗಳು ಹಲಗೆ ಎಳೆದು ಓಡುವ ಕಂಬಳದ ಒಂದು ವಿಭಾಗ. ಅದರಲ್ಲಿ ಕೋಣ ಎಷ್ಟು ಬೇಗ ಓಡಿತು ಅಂತಲ್ಲ, ಹಲಗೆಯ ತೂತಿನಿಂದ ನೀರು ಎಷ್ಟು ಎತ್ತರ ಚಿಮ್ಮಿತು ಅಂತ ಲೆಕ್ಕ. ಕರೆಗೆ, ಅಂದರೆ ಕೋಣ ಓಡುವ ಕೆಸರಿನ ದಾರಿಗೆ, ಅಡ್ಡವಾಗಿ ಮೇಲೆ ಬಟ್ಟೆ ಕಟ್ಟಿರುತ್ತಾರೆ, ಅದೇ ನಿಶಾನೆ. ಎತ್ತರದ ಅಳತೆ ಕೋಲಿನಲ್ಲಿ: ಆರೂವರೆ ಕೋಲು, ಏಳೂವರೆ ಕೋಲು. ನೀರು ಬಟ್ಟೆಗೆ ತಾಗಬೇಕು.

ನಾನು ಚಿತ್ರದಲ್ಲಿ ಓಡಿಸುವವನನ್ನು ಕೋಣದ ಹಿಂದೆ ಓಡಿಸಿದ್ದೆ. ತಕ್ಷಣ ಚಾಟ್‌ನಲ್ಲಿ ಒಬ್ಬರು, "ಹಾಗಲ್ಲ ಮಾರ್ರೆ, ಅವ ಹಲಗೆ ಮೇಲೆ ಕಾಲಿಡ್ಬೇಕು. ನೀವು ಕಂಬಳ ನೋಡಿದ್ದುಂಟಾ?" ತಕ್ಷಣ ಅಂದೆ, ಆದರೆ ಲೈವ್ ತಡವಾಗಿ ತಲುಪುವುದರಿಂದ ಅಷ್ಟರಲ್ಲಿ ನಾನು ಅವನಿಗೆ ಇನ್ನೊಂದು ತಪ್ಪು ಕಾಲು ಬರೆದಾಗಿತ್ತು.

ನೀರಿಗೆ ಪಾರ್ಟಿಕಲ್, ಅಂದರೆ ಸಣ್ಣ ಹನಿಗಳ ಗುಂಪು, ಹಾಕಿದೆ, ಬಟ್ಟೆಯ ಜಾಗದಲ್ಲಿ ತಾಗಿದ್ದನ್ನು ಗುರುತಿಸುವ ಒಂದು ಏರಿಯಾ ಇಟ್ಟೆ, ಹನಿ ತಾಗಿದರೆ ಪಾಯಿಂಟ್. ತಾಗಲೇ ಇಲ್ಲ. ಒಂದೂವರೆ ಗಂಟೆ ಆದ ಮೇಲೆ ಮಂಗಳೂರಿನ ಒಬ್ಬ ಹುಡುಗ ಬರೆದ: "ಅಣ್ಣ, ಆ ಹನಿಗಳು ಗ್ರಾಫಿಕ್ಸ್ ಕಾರ್ಡ್‌ನಲ್ಲೇ ಹುಟ್ಟಿ ಸಾಯ್ತವೆ, ನಿಮ್ಮ ಏರಿಯಾಗೆ ಅವು ಇರೋದೇ ಗೊತ್ತಾಗಲ್ಲ." ಸರಿಯೇ. ಹನಿ ಸುಮ್ನೆ ಚಂದಕ್ಕೆ, ಎತ್ತರವನ್ನು ಲೆಕ್ಕದಲ್ಲೇ ಕಂಡುಹಿಡಿಯಬೇಕು.

ಲೆಕ್ಕ ಹಾಕಿದೆ, ಆಗಲೂ ತಾಗಲಿಲ್ಲ. ತಲೆ ಕೆಟ್ಟು, ನೋಡುವವರಿಗಾದರೂ ಅರ್ಥವಾಗಲಿ ಅಂತ ಜೋರಾಗಿ ಹೇಳುತ್ತಾ ಹೋದೆ. ಒಂದು ಕೋಲಿಗೆ 40 ಪಿಕ್ಸೆಲ್. ಆರೂವರೆ ಕೋಲು ಅಂದರೆ 260. ಗ್ರಾವಿಟಿ 980. ನೀರಿನ ವೇಗ 700. ವೇಗದ ವರ್ಗವನ್ನು ಗ್ರಾವಿಟಿಯ ಎರಡರಷ್ಟರಿಂದ ಭಾಗಿಸಿದರೆ… 250. ಬಾಯಿ ಅಲ್ಲೇ ನಿಂತಿತು. ಕೋಡ್‌ನಲ್ಲಿ ಎಂತ ತಪ್ಪೂ ಇರಲಿಲ್ಲ, ನನ್ನ ನೀರೇ ಹತ್ತು ಪಿಕ್ಸೆಲ್ ಗಿಡ್ಡ.

ಒಬ್ಬನೇ ಇದ್ದಿದ್ದರೆ ಇದನ್ನು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ, ಕೋಡನ್ನೇ ಕೆದಕುತ್ತಾ ಬೆಳಗು ಮಾಡುತ್ತಿದ್ದೆ. ಲೈವ್ ಹಾಕಿದರೆ ಪ್ರಚಾರ ಆಗುತ್ತದೆ ಅನ್ನುತ್ತಾರಲ್ಲ, ನನಗಂತೂ ಆಗಿಲ್ಲ, ಕೆಲಸವೂ ನಿಧಾನ. ಆದರೂ ಹಾಕುವುದು ಈ ಕಾರಣಕ್ಕೇ.

ವೇಗ 714 ಮಾಡಿದೆ, ಪಾಯಿಂಟ್ ಬಂತು. ಏಳೂವರೆಗೆ ಹೋಗಿ ಅಂತ ಚಾಟ್‌ನಲ್ಲಿ ಗಲಾಟೆ. ಬಟ್ಟೆಯನ್ನು 300ಕ್ಕೆ ಏರಿಸಿ 767 ಹಾಕಿ ಓಡಿಸಿದೆ, ನೀರು ಹೋಗಿ ಸರಿಯಾಗಿ ನಿಶಾನೆಗೆ ಬಡಿಯಿತು. ನಾನು ಕುರ್ಚಿಯಿಂದ ಎದ್ದು ಕೂಗಿದೆ. ಚಾಟ್‌ನಲ್ಲಿ ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಬ್ಬರು ಬರೆದರು: "ಬಟ್ಟೆ ಎಲ್ಲುಂಟು?"

ಸ್ಕ್ರೀನಿನ ಅದೇ ಜಾಗದಲ್ಲಿ ನಾನು ಚಾಟ್ ಬಾಕ್ಸ್ ಇಟ್ಟಿದ್ದೆ.