ಹೊಟ್ಟೆ ವಿಷಯಕ್ಕೆ ಡಾಕ್ಟರ್ ಹತ್ರ ಹೋದ್ರೆ ನಾಚಿಕೆ ಬಿಟ್ಟು ಎಲ್ಲಾ ಹೇಳಿ

ನಮ್ಮ ಕಡೆ ಎದೆ ಉರಿದ್ರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದ್ರೂ ಗ್ಯಾಸ್ಟ್ರಿಕ್, ಬೆನ್ನು ಹಿಡ್ಕೊಂಡ್ರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿಗೆ ಹೋಗಿ ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್ ಮಾತ್ರೆ ಒಂದು ಸ್ಟ್ರಿಪ್ ತಗೊಂಡು ಬಂದು, ಕಮ್ಮಿ ಆಯ್ತು ಅಂತ ಸುಮ್ನಾಗಿ, ಮತ್ತೆ ಶುರುವಾದಾಗ ಇನ್ನೊಂದು ಸ್ಟ್ರಿಪ್ ತಂದು, ಹೀಗೇ ವರ್ಷಗಟ್ಟಲೆ ನುಂಗ್ತಾ ಇರೋರು ನಮ್ಮ ಬೀದಿಲೇ ಎಷ್ಟೋ ಜನ ಇದಾರೆ. ಒಳಗೆ ಏನಿದೆ ಅಂತ ಯಾರೂ ನೋಡಿಸಿರಲ್ಲ. ಡಾಕ್ಟರ್ ಹತ್ರ ಹೋದ್ರೂ ಪೂರ್ತಿ ಹೇಳಲ್ಲ, ಅದರಲ್ಲೂ ಮಲದ ವಿಷಯ ಬಂದ್ರೆ ಬಾಯೇ ಬರಲ್ಲ. ಯಾವ ಟೆಸ್ಟ್ ಮಾಡಿಸ್ಬೇಕು ಅಂತ ಡಾಕ್ಟರ್ ನಿರ್ಧಾರ ಮಾಡೋದೇ ನಾವು ಹೇಳೋ ಮಾತಿನ ಮೇಲೆ ಅನ್ನೋದು ನನಗೆ ಅಮ್ಮನ ವಿಷಯದಲ್ಲಿ ಚೆನ್ನಾಗಿ ಅರ್ಥ ಆಯ್ತು, ಅದಕ್ಕೇ ಇದನ್ನ ಬರೀತಾ ಇದೀನಿ.

ಅಮ್ಮನಿಗೆ ತುಂಬಾ ದಿನದಿಂದ ಸುಸ್ತು. ಮೆಟ್ಟಿಲು ಹತ್ತಿದ್ರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದ್ರೆ ಹಿಮೋಗ್ಲೋಬಿನ್ ಕಮ್ಮಿ, ಐರನ್ ಕಮ್ಮಿ. ವಯಸ್ಸಾದ ಹೆಂಗಸು, ಸೊಪ್ಪು ತಿನ್ನಲಿ, ಖರ್ಜೂರ ತಿನ್ನಲಿ ಅಂತ ಮನೇಲಿ ಎಲ್ರೂ ಸಲಹೆ ಕೊಟ್ರು. ಆದ್ರೆ ಡಾಕ್ಟರ್ ಐರನ್ ಮಾತ್ರೆ ಬರೆಯೋಕೆ ಮುಂಚೆ ಕೇಳಿದ್ದು ಎರಡೇ ಪ್ರಶ್ನೆ, ಮಂಡಿ ನೋವಿಗೆ ಏನು ಮಾತ್ರೆ ತಗೊಳ್ತೀರಿ, ಮಲ ಯಾವ ಬಣ್ಣ ಬರ್ತಿದೆ. ಅಮ್ಮ ತಲೆ ತಗ್ಗಿಸ್ಕೊಂಡು ಮೆಲ್ಲಗೆ ಹೇಳಿದ್ರು, ಕಪ್ಪಗೆ, ಡಾಂಬರ್ ಥರ ಅಂಟಂಟು ಅಂತ. ಅಲ್ಲೀವರೆಗೂ ಈ ಮಾತು ನಮಗ್ಯಾರಿಗೂ ಹೇಳಿರ್ಲಿಲ್ಲ. ಐರನ್ ಮಾತ್ರೆ ತಗೊಂಡ್ರೂ ಮಲ ಕಪ್ಪಾಗುತ್ತೆ, ಆದ್ರೆ ಅಮ್ಮ ಇನ್ನೂ ಐರನ್ ಶುರುವೇ ಮಾಡಿರ್ಲಿಲ್ಲ. ಜಠರದಲ್ಲೋ ಅದರ ಮುಂದಿನ ಕರುಳಲ್ಲೋ ರಕ್ತ ಒಸರಿದ್ರೆ ಅದು ಜೀರ್ಣ ಆಗಿ ಕೆಳಗೆ ಬರೋಷ್ಟರಲ್ಲಿ ಕಪ್ಪಾಗಿರುತ್ತೆ. ತಕ್ಷಣ ಎಂಡೋಸ್ಕೋಪಿ ಬರೆದ್ರು.

ಎಂಡೋಸ್ಕೋಪಿ ಅಂದ್ರೆ ಜನ ಸುಮ್ಸುಮ್ನೆ ಹೆದರ್ತಾರೆ. 6ರಿಂದ 8 ಗಂಟೆ ಖಾಲಿ ಹೊಟ್ಟೇಲಿ ಇರ್ಬೇಕು, ಗಂಟಲಿಗೆ ಮರಗಟ್ಟೋ ಸ್ಪ್ರೇ ಹೊಡೀತಾರೆ, ಎಡಗಡೆ ಮಗ್ಗುಲಾಗಿ ಮಲಗಿಸ್ತಾರೆ, ಬೆರಳು ದಪ್ಪದ ಕ್ಯಾಮೆರಾ ಪೈಪು ಅನ್ನನಾಳ, ಜಠರ, ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ತನಕ ಹೋಗಿ ನೋಡ್ಕೊಂಡು ಬರುತ್ತೆ. ಬರೀ ನೋಡೋದಾದ್ರೆ ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೇ ಮುಗಿಯುತ್ತೆ. ತುಂಬಾ ಹೆದರೋರಿಗೆ ಮಂಪರು ಬರೋ ಇಂಜೆಕ್ಷನ್ನೂ ಕೊಡ್ತಾರೆ, ಕೇಳ್ಬೇಕು ಅಷ್ಟೇ. ಅಮ್ಮನಿಗೆ ಜಠರದಲ್ಲಿ ಹುಣ್ಣಾಗಿತ್ತು. ಅಲ್ಲಿಂದಲೇ ಒಂದು ಚೂರು ತೆಗೆದು ರಾಪಿಡ್ ಯೂರಿಯೇಸ್ ಟೆಸ್ಟ್ ಮಾಡಿದ್ರು, ಬಣ್ಣ ಬದಲಾಯ್ತು, ಅಂದ್ರೆ ಹೆಲಿಕೊಬ್ಯಾಕ್ಟರ್ ಪೈಲೊರಿ ಅನ್ನೋ ಬ್ಯಾಕ್ಟೀರಿಯಾ ಇದೆ. ಅದೂ, ಮಂಡಿ ನೋವಿನ ಡೈಕ್ಲೋಫಿನಾಕ್ ಮಾತ್ರೇನೂ, ಎರಡೂ ಸೇರಿ ಈ ಕೆಲಸ ಮಾಡಿದ್ವು ಅಂದ್ರು ಡಾಕ್ಟರ್.

ಈ ಬ್ಯಾಕ್ಟೀರಿಯಾದ ಕಥೆ ನನಗೆ ತುಂಬಾ ಇಷ್ಟ. ಹುಣ್ಣು ಆಗೋದು ಟೆನ್ಶನ್‌ನಿಂದ, ಖಾರದಿಂದ, ಆಸಿಡ್ ಜಾಸ್ತಿ ಆಗಿದ್ದರಿಂದ ಅಂತ ಇಡೀ ಪ್ರಪಂಚ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಅನ್ನೋ ಪೆಥಾಲಜಿಸ್ಟ್ ಜಠರದ ಬಯಾಪ್ಸಿಗಳಲ್ಲಿ, ಅಂದ್ರೆ ಪರೀಕ್ಷೆಗೆ ಅಂತ ತೆಗೆದ ಚೂರುಗಳಲ್ಲಿ, ಸುರುಳಿ ಥರದ ಬ್ಯಾಕ್ಟೀರಿಯಾ ನೋಡ್ತಾನೇ ಇದ್ರು, ಅವರ ಜೊತೆ ಬ್ಯಾರಿ ಮಾರ್ಷಲ್ ಅನ್ನೋ ಚಿಕ್ಕ ವಯಸ್ಸಿನ ಡಾಕ್ಟರ್ ಸೇರ್ಕೊಂಡು 1982ರಲ್ಲಿ ಅದನ್ನ ಲ್ಯಾಬಲ್ಲಿ ಬೆಳೆಸಿದ್ರು. ಜನ ನಂಬದೇ ಇದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇರೋ ದ್ರಾವಣ ತಾನೇ ಕುಡಿದು, ವಾಂತಿ ಶುರುವಾಗಿ, ತನಗೇ ಎಂಡೋಸ್ಕೋಪಿ ಮಾಡಿಸ್ಕೊಂಡು ಜಠರ ಊದಿರೋದನ್ನ ತೋರಿಸಿದ್ರು. 2005ರಲ್ಲಿ ಇಬ್ರಿಗೂ ನೊಬೆಲ್ ಬಂತು. ಇವತ್ತು ಇದನ್ನ ಎಂಡೋಸ್ಕೋಪಿ ಇಲ್ದೇನೂ ಕಂಡುಹಿಡೀಬಹುದು, ಯೂರಿಯಾ ಬ್ರೆತ್ ಟೆಸ್ಟ್ ಇದೆ, ಮಲದಲ್ಲಿ ಆಂಟಿಜೆನ್ ಟೆಸ್ಟ್ ಇದೆ. ಆದ್ರೆ ಒಂದು ವಿಷಯ ಎಲ್ರಿಗೂ ಗೊತ್ತಿರ್ಬೇಕು. ಪ್ಯಾಂಟೊಪ್ರಜೋಲ್ ಥರದ ಮಾತ್ರೆ ತಗೊಳ್ತಾ ಇದ್ರೆ ಈ ಟೆಸ್ಟ್‌ಗಳು ಬ್ಯಾಕ್ಟೀರಿಯಾ ಇದ್ರೂ ಇಲ್ಲ ಅಂತ ತೋರಿಸ್ಬಹುದು. ಅದಕ್ಕೆ ಸುಮಾರು 2 ವಾರ ಮುಂಚೆ ಆ ಮಾತ್ರೆ, 4 ವಾರ ಮುಂಚೆ ಆಂಟಿಬಯಾಟಿಕ್ ನಿಲ್ಲಿಸ್ಬೇಕು ಅಂತಾರೆ, ಡಾಕ್ಟರನ್ನ ಕೇಳಿ ನಿಲ್ಲಿಸಿ. ಮೆಡಿಕಲ್ ಶಾಪಿಂದ ನಾವೇ ತಂದು ನುಂಗೋ ಮಾತ್ರೆ ಮುಂದೆ ಮಾಡಿಸೋ ಟೆಸ್ಟನ್ನೇ ಹಾಳು ಮಾಡ್ಬಹುದು ಅನ್ನೋದು ಎಷ್ಟು ಜನಕ್ಕೆ ಗೊತ್ತು. ಅಲ್ದೇ ವರ್ಷಗಟ್ಟಲೆ ತಗೊಂಡ್ರೆ ವಿಟಮಿನ್ ಬಿ12 ಕಮ್ಮಿ ಆಗ್ಬಹುದು, ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಅದು ಮೊದಲೇ ಕಮ್ಮಿ ಇರುತ್ತೆ.

ಇನ್ನೊಂದು ಎಲ್ಲಾ ಕಡೆ ಕೇಳೋ ಮಾತು, ಸ್ಕ್ಯಾನಿಂಗ್ ಮಾಡಿಸಿದ್ವಿ ಎಲ್ಲಾ ನಾರ್ಮಲ್, ಏನೂ ಇಲ್ಲ. ಅಲ್ಟ್ರಾಸೌಂಡಲ್ಲಿ ಲಿವರ್, ಪಿತ್ತಕೋಶ, ಕಿಡ್ನಿ ಚೆನ್ನಾಗಿ ಕಾಣುತ್ತೆ, ಆದ್ರೆ ಜಠರದ ಒಳಗಿನ ಹುಣ್ಣು ಕಾಣಲ್ಲ, ಆಸಿಡ್ ಮೇಲೆ ಬರೋದೂ ಕಾಣಲ್ಲ. ಪಿತ್ತಕೋಶದ ಕಲ್ಲಿಗೆ ಮಾತ್ರ ಅದಕ್ಕಿಂತ ಸುಲಭದ ಟೆಸ್ಟ್ ಇಲ್ಲ. ಮದುವೆ ಮನೇಲಿ ಎಣ್ಣೆ ತುಪ್ಪದ ಊಟ ಆದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ, ಬಲ ಭುಜಕ್ಕೋ ಬೆನ್ನಿಗೋ ಹೋಗಿ, ಗಂಟೆಗಟ್ಟಲೆ ಇದ್ದು ಹೋಯ್ತು ಅಂತ ಹೇಳಿದ್ರೆ ಡಾಕ್ಟರ್ ಮೊದಲು ಇದನ್ನೇ ಬರೀತಾರೆ. ಖಾಲಿ ಹೊಟ್ಟೇಲಿ ಬನ್ನಿ ಅನ್ನೋದು ಯಾಕೆ ಅಂದ್ರೆ ಊಟ ಮಾಡಿದ್ರೆ ಪಿತ್ತಕೋಶ ಕುಗ್ಗಿಬಿಡುತ್ತೆ, ಒಳಗಿರೋ ಕಲ್ಲು ಸರಿಯಾಗಿ ಕಾಣಲ್ಲ. ಆ ಕಲ್ಲು ಜಾರಿ ನಾಳದಲ್ಲಿ ಸಿಕ್ಕಾಕ್ಕೊಂಡ್ರೆ ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಊದ್ಕೊಳ್ಳಬಹುದು, ಕುಡಿತದಿಂದಲೂ ಹಾಗೇ ಆಗಬಹುದು. ಆ ನೋವು ಬೆನ್ನಿಗೆ ಚುಚ್ಚಿದ ಹಾಗೆ ಇರುತ್ತೆ, ಮುಂದಕ್ಕೆ ಬಗ್ಗಿ ಕೂತ್ರೆ ಸ್ವಲ್ಪ ಕಮ್ಮಿ. ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಅನ್ನೋ ಜೀರ್ಣದ ಕಿಣ್ವ ನಾರ್ಮಲ್‌ಗಿಂತ 3 ಪಟ್ಟು ಜಾಸ್ತಿ ಇದ್ರೆ ಆ ಅನುಮಾನ ಗಟ್ಟಿ ಆಗುತ್ತೆ.

ಎದೆ ಉರಿ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಳಿ ತೇಗು, ಮಲಗಿದಾಗ ಜಾಸ್ತಿ, ಬಗ್ಗಿದಾಗ ಗಂಟಲಿಗೆ ಹುಳಿ ಬರೋದು, ಇದು ಆಸಿಡ್ ರಿಫ್ಲಕ್ಸ್. ಬೇರೆ ಅಪಾಯದ ಲಕ್ಷಣ ಇಲ್ದಿದ್ರೆ ಡಾಕ್ಟರ್ ಕೆಲವು ವಾರ ಔಷಧಿ ಕೊಟ್ಟು ನೋಡ್ತಾರೆ, ಕಮ್ಮಿ ಆಗ್ಲಿಲ್ಲ ಅಂದ್ರೆ ಎಂಡೋಸ್ಕೋಪಿ, ಅದರಲ್ಲೂ ಸ್ಪಷ್ಟ ಆಗದೇ ಇದ್ರೆ ಮೂಗಿಂದ ಸಣ್ಣ ವೈರ್ ಬಿಟ್ಟು 24 ಗಂಟೆ ಪಿಎಚ್, ಅಂದ್ರೆ ಅನ್ನನಾಳದಲ್ಲಿ ಆಸಿಡ್ ಎಷ್ಟಿದೆ ಅಂತ, ಅಳೀತಾರೆ. ಆದ್ರೆ ಹೃದಯದ ಕೆಳಭಾಗಕ್ಕೆ ಆಗೋ ಅಟ್ಯಾಕೂ ಕೆಲವು ಸಲ ಹೊಟ್ಟೆ ಮೇಲ್ಭಾಗದ ಉರಿ, ವಾಂತಿ ಥರಾನೇ ಬರುತ್ತೆ. ಶುಗರ್ ಇರೋರು, ಬಿಪಿ ಇರೋರು, ಸಿಗರೇಟ್ ಸೇದೋರು, ಇದ್ದಕ್ಕಿದ್ದ ಹಾಗೆ ಎದೆ ಹೊಟ್ಟೆ ಮಧ್ಯೆ ಹಿಡ್ಕೊಂಡು ಬೆವತ್ರೆ ಇನೋ ಕುಡ್ಕೊಂಡು ಮಲಗ್ಬೇಡಿ, ಮೊದಲು ಈಸಿಜಿ. ಅಪೆಂಡಿಕ್ಸೂ ಅಷ್ಟೇ, ಹೊಕ್ಕಳ ಸುತ್ತ ಶುರುವಾದ ನೋವು ಕೆಲವು ಗಂಟೇಲಿ ಬಲಗಡೆ ಕೆಳಹೊಟ್ಟೆಗೆ ಇಳಿದ್ರೆ, ನಾಭಿ ಸರಿದಿದೆ ಅಂತ ಎಣ್ಣೆ ಹಚ್ಚಿ ನೀವಿಸ್ತಾ ಕೂರೋ ಹೊತ್ತಲ್ಲ ಅದು.

ಕರುಳಿನ ವಿಷಯಕ್ಕೆ ಬಂದ್ರೆ ಇನ್ನೂ ಜಾಸ್ತಿ ಗೊಂದಲ. ಬೆಳಿಗ್ಗೆ ಎದ್ದು ಆಫೀಸಿಗೆ ಹೊರಡೋ ಮುಂಚೆ ಎರಡ್ಮೂರು ಸಲ ಟಾಯ್ಲೆಟ್‌ಗೆ ಓಡೋದು, ಹೋದ್ರೂ ಪೂರ್ತಿ ಆಗ್ಲಿಲ್ಲ ಅನ್ನಿಸೋದು, ಹೊಟ್ಟೆ ಹಿಂಡೋದು, ಹೋಗಿ ಬಂದ್ರೆ ಹಾಯೆನಿಸೋದು. ಇದು ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್, ಕರುಳು ಕೆರಳೋ ತೊಂದರೆ) ಇರಬಹುದು. ಇದಕ್ಕೆ ಪಾಸಿಟಿವ್ ಬರೋ ಬ್ಲಡ್ ಟೆಸ್ಟ್ ಅಂತ ಯಾವುದೂ ಇಲ್ಲ, ರೋಗಿ ಹೇಳೋ ಮಾತೇ ಮುಖ್ಯ. ಡಾಕ್ಟರ್‌ಗಳು ಐಬಿಎಸ್ ಗುರುತಿಸೋಕೆ ಬಳಸೋ 2016ರ ರೋಮ್ 4 ಮಾನದಂಡದ ಪ್ರಕಾರ ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದ್ರೂ ನೋವಿರ್ಬೇಕು, ಅದರ ಜೊತೆ ಮೂರರಲ್ಲಿ ಎರಡಾದ್ರೂ ಇರ್ಬೇಕು, ಮಲವಿಸರ್ಜನೆಗೂ ನೋವಿಗೂ ಸಂಬಂಧ, ಎಷ್ಟು ಸಲ ಹೋಗ್ತೀವಿ ಅನ್ನೋದ್ರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ. ರೂಪ ಹೇಳೋಕೂ ಬ್ರಿಸ್ಟಲ್ ಚಾರ್ಟ್ ಅಂತ ಇದೆ, 1 ಅಂದ್ರೆ ಮೇಕೆ ಹಿಕ್ಕೆ ಥರ ಗಟ್ಟಿ, 7 ಅಂದ್ರೆ ಬರೀ ನೀರು. ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಫೋನಲ್ಲಿ ಆ ಚಿತ್ರ ತೋರಿಸಿ ಇದು ಅಂದ್ರೆ ಸಾಕು.

ಆದ್ರೆ ತೂಕ ಇಳೀತಿದೆ, ರಕ್ತ ಬರ್ತಿದೆ, ಸಂಜೆ ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಇವು ಇದ್ರೆ ಐಬಿಎಸ್ ಅಂತ ಸುಮ್ನೆ ಕೂರೋ ಹಾಗಿಲ್ಲ. ಮಲದಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಅಂತ ಒಂದು ಟೆಸ್ಟ್ ಇದೆ, ಕರುಳು ಒಳಗೆ ಊದಿದ್ರೆ ಅದು ಏರುತ್ತೆ, ಐಬಿಎಸ್‌ನಲ್ಲಿ ಸಾಮಾನ್ಯವಾಗಿ ಏರಲ್ಲ. ಏರಿದ್ರೆ ಕೊಲೊನೋಸ್ಕೋಪಿ, ಅಂದ್ರೆ ಗುದದ್ವಾರದಿಂದ ಕ್ಯಾಮೆರಾ ಪೈಪು ಬಿಟ್ಟು ದೊಡ್ಡ ಕರುಳನ್ನ ನೋಡೋದು. ಇಲ್ಲೇ ನಮ್ಮ ದೇಶದ ಡಾಕ್ಟರ್‌ಗಳಿಗೆ ದೊಡ್ಡ ಕಷ್ಟ, ಸಣ್ಣ ಕರುಳು ದೊಡ್ಡ ಕರುಳು ಸೇರೋ ಜಾಗದಲ್ಲಿ ಹುಣ್ಣು ಕಂಡ್ರೆ ಅದು ಕ್ರೋನ್ಸ್ ಅನ್ನೋ ಕರುಳು ಊದೋ ದೀರ್ಘಕಾಲದ ಕಾಯಿಲೆನೂ ಆಗಿರ್ಬಹುದು, ಕರುಳಿನ ಟಿಬಿನೂ ಆಗಿರ್ಬಹುದು. ನೋಡೋಕೆ ಎರಡೂ ಹೆಚ್ಚುಕಮ್ಮಿ ಒಂದೇ, ಎಷ್ಟೋ ಸಲ ಬಯಾಪ್ಸಿಲೂ ಪೂರ್ತಿ ತಿಳಿಯಲ್ಲ, ಟಿಬಿ ಇರೋರಿಗೆ ಕ್ರೋನ್ಸ್ ಅಂದ್ಕೊಂಡು ಸ್ಟೀರಾಯ್ಡ್ ಕೊಟ್ರೆ ಟಿಬಿ ಕೆರಳುತ್ತೆ. ಹಾಗಾಗಿ ಅನುಮಾನ ಉಳಿದ್ರೆ ಮೊದಲು ಟಿಬಿ ಔಷಧಿ ಶುರು ಮಾಡಿ, ಎರಡ್ಮೂರು ತಿಂಗಳಾದ ಮೇಲೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದ್ಯಾ ಅಂತ ನೋಡ್ತಾರೆ. ಡಾಕ್ಟರ್‌ಗೆ ಏನೂ ಗೊತ್ತಿಲ್ಲ, ಪ್ರಯೋಗ ಮಾಡ್ತಾ ಇದಾರೆ ಅಂತ ಜನ ಮಧ್ಯದಲ್ಲೇ ಬಿಟ್ಟು ಹೋಗ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಆ ಕಾಯೋದೂ ಪರೀಕ್ಷೆಯ ಒಂದು ಭಾಗಾನೇ.

ಹಾಲು ಕುಡಿದ್ರೆ ಹೊಟ್ಟೆ ಗುಡುಗುಟ್ಟೋದು ಉತ್ತರ ಭಾರತಕ್ಕಿಂತ ನಮ್ಮ ದಕ್ಷಿಣದಲ್ಲಿ ಜಾಸ್ತಿ. ಇದಕ್ಕೆ ಹೈಡ್ರೋಜನ್ ಬ್ರೆತ್ ಟೆಸ್ಟ್ ಇದೆ, ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರೆ ಕದಡಿದ ನೀರು ಕುಡಿಸಿ ಆಗಾಗ ಉಸಿರು ಊದಿಸ್ತಾರೆ. ಅದು ಎಲ್ಲಾ ಊರಲ್ಲಿ ಸಿಗಲ್ಲ, ಎರಡು ವಾರ ಹಾಲು ಬಿಟ್ಟು ನೋಡಿದ್ರೂ ಅಂದಾಜು ಸಿಗುತ್ತೆ. ಮಜ್ಜಿಗೆ ಎಷ್ಟೋ ಜನಕ್ಕೆ ಒಗ್ಗುತ್ತೆ, ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೇನ ಸ್ವಲ್ಪ ಮಟ್ಟಿಗೆ ಮುಗಿಸಿರುತ್ತೆ. ಗೋಧಿ ವಿಷಯ ಮಾತ್ರ ಉಲ್ಟಾ. ಚಪಾತಿ ತಿಂದ್ರೆ ಆಗ್ತಿಲ್ಲ, ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಸಣ್ಣ ಕರುಳು ಹಾಳಾಗೋ ಕಾಯಿಲೆ) ಇರ್ಬಹುದು ಅನ್ನೋ ಅನುಮಾನ ಬಂದ್ರೆ ನೀವೇ ಚಪಾತಿ ಬಿಟ್ಟು ರಾಗಿ ಮುದ್ದೆಗೆ ಇಳಿದು ಆಮೇಲೆ ಟೆಸ್ಟ್‌ಗೆ ಹೋಗ್ಬೇಡಿ. ಗೋಧಿ ನಿಂತ್ರೆ ಈ ಕಾಯಿಲೆ ಪತ್ತೆಗೆ ರಕ್ತದಲ್ಲಿ ನೋಡೋ ಟಿಟಿಜಿ ಆಂಟಿಬಾಡಿ ಇಳಿಯುತ್ತೆ, ಕರುಳು ಸುಧಾರಿಸುತ್ತೆ, ಬಯಾಪ್ಸಿಲೂ ಸಿಗದೇ ಹೋಗ್ಬಹುದು. ಟೆಸ್ಟ್ ಮುಗಿಯೋವರೆಗೂ ತಿನ್ತಾ ಇರ್ಬೇಕು.

ಮಲದ ಜೊತೆ ಕೆಂಪು ರಕ್ತ ಕಂಡ್ರೆ ಎಲ್ರೂ ಮೂಲವ್ಯಾಧಿ ಅಂತಾನೇ ತೀರ್ಮಾನ ಮಾಡ್ತಾರೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಆಪರೇಶನ್ ಇಲ್ದೆ ಗುಣ ಅಂತ ಬರೆದಿರೋ ನಂಬರ್‌ಗೆ ಫೋನ್ ಮಾಡ್ತಾರೆ. ಬಹಳ ಸಲ ಮೂಲವ್ಯಾಧಿನೋ ಗುದದ್ವಾರದ ಬಿರುಕೋ ಆಗಿರುತ್ತೆ ನಿಜ, ಆದ್ರೆ ಕರುಳಿನ ಕ್ಯಾನ್ಸರೂ ಹಾಗೇ ಶುರುವಾಗುತ್ತೆ, ಮೂಲವ್ಯಾಧಿ ಇರೋರಿಗೆ ಕ್ಯಾನ್ಸರ್ ಬರಬಾರ್ದು ಅಂತೇನಿಲ್ಲ. ಬೆರಳಿಂದ ಪರೀಕ್ಷೆ ಮಾಡೋಕೆ ಡಾಕ್ಟರ್‌ಗೆ ಒಂದು ನಿಮಿಷ ಸಾಕು, ಅದಕ್ಕೆ ಒಪ್ಕೊಳ್ಳಿ. ಹೆಂಗಸರು ಇದೊಂದೇ ಕಾರಣಕ್ಕೆ ಎಷ್ಟೋ ತಿಂಗಳು ಮುಚ್ಚಿಡ್ತಾರೆ, ಲೇಡಿ ಡಾಕ್ಟರ್ ಬೇಕು ಅಂತ ಕೇಳೋದ್ರಲ್ಲಿ ಯಾವ ತಪ್ಪೂ ಇಲ್ಲ.

ಕೊಲೊನೋಸ್ಕೋಪಿ ಬರೆದ್ರೆ ಟೆಸ್ಟ್‌ಗಿಂತ ಹಿಂದಿನ ದಿನಾನೇ ಕಷ್ಟ. ಪುಡಿ ಕದಡಿದ ನೀರನ್ನ ಲೀಟರ್‌ಗಟ್ಟಲೆ ಕುಡಿದು ಕರುಳು ತೊಳ್ಕೋಬೇಕು, ಕೊನೆಗೆ ತಿಳಿ ಹಳದಿ ನೀರು ಬರ್ಬೇಕು. ಸರಿಯಾಗಿ ಮಾಡದಿದ್ರೆ ಸಣ್ಣ ಪಾಲಿಪ್‌ಗಳು (ಕರುಳಿನ ಒಳಗೋಡೆ ಮೇಲೆ ಬೆಳೆಯೋ ಗಂಟುಗಳು) ಕಣ್ಣಿಗೆ ಬೀಳಲ್ಲ, ಟೆಸ್ಟೇ ಮತ್ತೆ ಮಾಡಿಸ್ಬೇಕಾಗುತ್ತೆ. ಎರಡ್ಮೂರು ದಿನ ಮುಂಚಿಂದ ಸೊಪ್ಪು, ಸೀಬೆಕಾಯಿ, ಟೊಮ್ಯಾಟೊ ಬೀಜ ಬೇಡ, ಹಿಂದಿನ ದಿನ ಎಳನೀರು, ತಿಳಿ ಗಂಜಿ, ಸೋಸಿದ ನಿಂಬೆ ಶರಬತ್ತು ಓಕೆ, ಕೆಂಪು ಬಣ್ಣದ ಜ್ಯೂಸ್ ಬೇಡ, ರಕ್ತದ ಥರ ಕಂಡು ಗೊಂದಲ ಆಗುತ್ತೆ. ಐರನ್ ಮಾತ್ರೆ, ರಕ್ತ ತೆಳುವಾಗಿಸೋ ಮಾತ್ರೆ, ಶುಗರ್ ಮಾತ್ರೆ ಇದ್ರೆ ಡೇಟ್ ಕೊಡುವಾಗಲೇ ಹೇಳ್ಬಿಡಿ, ಯಾವುದು ಯಾವಾಗ ನಿಲ್ಲಿಸ್ಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ.

ಅಮ್ಮನಿಗೆ 14 ದಿನದ ಆಂಟಿಬಯಾಟಿಕ್ ಕೋರ್ಸ್ ಕೊಟ್ರು, ಡೈಕ್ಲೋಫಿನಾಕ್ ನಿಲ್ಲಿಸಿದ್ರು, ಐರನ್ ಶುರು ಮಾಡಿದ್ರು. ಹುಣ್ಣಿನ ಅಂಚಿಂದ ತೆಗೆದ ಚೂರಿನ ಬಯಾಪ್ಸಿ ರಿಪೋರ್ಟ್ ಬರೋಕೆ ಕೆಲವು ದಿನ ಹಿಡೀತು, ಕ್ಯಾನ್ಸರ್ ಇಲ್ಲ ಅಂತ ಬಂತು. ಎಂಡೋಸ್ಕೋಪಿ ಆದ ದಿನ ಸಿಗೋ ಫೋಟೋ ಪೇಪರೇ ಪೂರ್ತಿ ರಿಪೋರ್ಟ್ ಅಂದ್ಕೊಂಡು ಬಯಾಪ್ಸಿದನ್ನ ತಗೊಳ್ಳೋಕೆ ವಾಪಸ್ ಹೋಗದೇ ಇರೋರು ತುಂಬಾ ಜನ. ಜಠರದ ಹುಣ್ಣಿಗೆ ಅದೇ ಮುಖ್ಯ, ಹೋಗಿ ತಗೊಳ್ಳಿ, ಡಾಕ್ಟರ್‌ಗೆ ತೋರಿಸಿ. ಕೋರ್ಸ್ ಮುಗಿದು ಕನಿಷ್ಠ 4 ವಾರ ಆದ ಮೇಲೆ ಬ್ಯಾಕ್ಟೀರಿಯಾ ಹೋಗಿದ್ಯಾ ಅಂತ ಇನ್ನೊಂದು ಟೆಸ್ಟ್ ಮಾಡಿಸ್ಬೇಕು, ಅಮ್ಮನಿಗೆ ಅದೊಂದು ಬಾಕಿ ಇದೆ.