ಹರಕೆಯ ಮೆಟ್ಟಿಲು

ಆಷಾಢ ಬಂತೆಂದರೆ ನಮ್ಮ ಕಡೆ ಮದುವೆ, ಗೃಹಪ್ರವೇಶಗಳೆಲ್ಲ ನಿಂತುಹೋಗುತ್ತವೆ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಜನ ಹರಿದು ಬರುವುದು ಮಾತ್ರ ಅದೇ ತಿಂಗಳಲ್ಲಿ. ಮೊಮ್ಮಗನ ಕಾಯಿಲೆ ವಾಸಿಯಾದರೆ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತೇನೆಂದು ಹರಕೆ ಹೊತ್ತಿದ್ದ ದೊಡ್ಡಮ್ಮ, ಶುಕ್ರವಾರದ ನೂಕುನುಗ್ಗಲು ಬೇಡವೆಂದು ಮಂಗಳವಾರವನ್ನು ಆರಿಸಿಕೊಂಡರು. ಬೆಳಗಿನ ಜಾವ ಬೆಟ್ಟದ ಪಾದದಲ್ಲಿ ಕುಂಕುಮದ ಬಟ್ಟಲು ಹಿಡಿದು ಅವರ ಜೊತೆ ನಿಂತಾಗ, ನನ್ನ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರವೂ ಇತ್ತು.

ದಿನಕ್ಕೆ 10,000 ಹೆಜ್ಜೆ, ತಪ್ಪದೆ ಇಷ್ಟು ದಿನ ಎಂಬ ಸರಪಳಿ, ಅದು ಮುರಿಯದಿದ್ದರೆ ಒಂದು ಪದಕ: ನಡಿಗೆಯಿಂದ ಹಿಡಿದು ನಿದ್ದೆಯವರೆಗೆ ನನ್ನ ದಿನವೆಲ್ಲ ಈ ಆಟದೊಳಗೆ ಸೇರಿಹೋಗಿತ್ತು. ದೊಡ್ಡಮ್ಮ ಒಂದೊಂದು ಮೆಟ್ಟಿಲಿಗೂ ಬಗ್ಗಿ, ಮೊದಲು ಅರಿಶಿನದ ಬೆರಳು, ಅದರ ಮೇಲೆ ಕುಂಕುಮದ ಬೆರಳು ಒತ್ತಿ, ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದಿನದಕ್ಕೆ ಏರುತ್ತಿದ್ದರು. ನಾವು ಹೀಗೆ ನಿಂತು ನಿಂತು ಹತ್ತುತ್ತಿದ್ದುದರಿಂದ, ನಾನು ವಿಶ್ರಾಂತಿಯಲ್ಲಿದ್ದೇನೆಂದು ತಿಳಿದು ಗಡಿಯಾರ ಲೆಕ್ಕವನ್ನೇ ನಿಲ್ಲಿಸಿತು. ಬೆವರು ಹನಿಯುತ್ತಿದ್ದ ಅವರ ಮುಖ ನೋಡಿ, ಆ ಯಂತ್ರಕ್ಕೆ ಕಾಣದ ಶ್ರಮ ಯಾವುದೆಂದು ನನಗೆ ಅರಿವಾಯಿತು.

ಎಣಿಕೆ ನಮ್ಮ ಭಕ್ತಿಗೆ ಹೊಸದಲ್ಲ. ಜಪಮಾಲೆಯಲ್ಲಿ 108 ಮಣಿಗಳಿವೆ; ಈ ಮೆಟ್ಟಿಲುಗಳನ್ನೂ ಜನ 1008 ಎಂದೇ ಹೇಳುತ್ತಾರೆ. ಆದರೆ ಜಪ ಮಾಡುವವರು ಮಾಲೆಯನ್ನು ಪರರ ಕಣ್ಣಿಗೆ ಬೀಳದಂತೆ ವಸ್ತ್ರದಡಿ ಇಟ್ಟುಕೊಳ್ಳುತ್ತಾರೆ. ಮಾಲೆಯ ಎರಡು ತುದಿ ಕೂಡುವ ಮೇರುಮಣಿಗೆ ಬಂದಾಗ ಅದನ್ನು ದಾಟದೆ ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ಮತ್ತೆ ಆರಂಭಿಸುತ್ತಾರೆ. ಆ ಎಣಿಕೆಯಲ್ಲಿ ಯಾರನ್ನೂ ಹಿಂದೆ ಹಾಕುವುದಿಲ್ಲ, ಎಲ್ಲಿಯೋ ಅಲೆಯುವ ಮನಸ್ಸನ್ನು ಬೆರಳತುದಿಯ ಮಣಿಗೆ ಕರೆತರುವುದಷ್ಟೇ ಅದರ ಕೆಲಸವೆಂದು ನಾನು ನಂಬುತ್ತೇನೆ. ನನ್ನ ಗಡಿಯಾರದ ಎಣಿಕೆಯಾದರೋ ಪ್ರತಿ ಹೆಜ್ಜೆಯಲ್ಲೂ ನನ್ನನ್ನು ಮುಂದಿನ ಹೆಜ್ಜೆಗೆ ತಳ್ಳುತ್ತಿತ್ತು.

"ಎಷ್ಟಾಯ್ತು ದೊಡ್ಡಮ್ಮ?" ಎಂದು ನಡುವೆ ಕೇಳಿದೆ.

"ಎಣಿಸ್ಲಿಲ್ಲ ಕಣಪ್ಪ, ಇನ್ನೂ ಇವೆಯಲ್ಲ," ಎಂದು ಬಟ್ಟಲಿಗೆ ಕೈ ಚಾಚಿದರು.

ಸುಮಾರು 700 ಮೆಟ್ಟಿಲು ಕಳೆದ ಮೇಲೆ, 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ ಏಕಶಿಲೆಯ ನಂದಿ ಎದುರಾಯಿತು. ಎಷ್ಟೋ ಬಾರಿ ಅದರ ಮುಂದೆ ಫೋಟೊ ತೆಗೆಸಿಕೊಂಡಿದ್ದ ನಾನು, ಕೊರಳಿನ ಗಂಟೆಯ ಸರಗಳನ್ನು ಅಂದು ಮೊದಲ ಬಾರಿಗೆ ಸಾಲು ಸಾಲಾಗಿ ನೋಡಿದೆ. ಅಲ್ಲಿಂದಾಚೆಗೆ ದೊಡ್ಡಮ್ಮನ ಮಂಡಿ ಸೋತಿತು. ಅವರು ಅರಿಶಿನ ಇಟ್ಟರೆ ನಾನು ಬಗ್ಗಿ ಕುಂಕುಮ ಇಡುತ್ತಾ ಹೋದೆ. ಕೈ ಕೆಂಪಾಗಿ ಗಡಿಯಾರದ ಗಾಜಿಗೂ ಮೆತ್ತಿತು. ಅದನ್ನು ಒರೆಸಬೇಕೆಂದು ಅನಿಸಲಿಲ್ಲ.

ಗರ್ಭಗುಡಿಯ ಎದುರು ನಮಗೆ ಸಿಕ್ಕಿದ್ದು ಕೆಲವೇ ಕ್ಷಣ. ದೊಡ್ಡಮ್ಮ ಏನನ್ನೂ ಬೇಡಿಕೊಳ್ಳದೆ ಕೈಮುಗಿದು ನಿಂತಿದ್ದು, ಹೊರಗೆ ಬಂದ ಮೇಲೆ ಬೆರಳ ಸಂದಿಯಲ್ಲಿ ಉಳಿದಿದ್ದ ಕುಂಕುಮವನ್ನು ನನ್ನ ಹಣೆಗೆ ಒತ್ತಿ, "ಮಗೂಗೂ ಒಂದಿಷ್ಟು ಪ್ರಸಾದ ಕಟ್ಟಿಸ್ಕೊಳ್ಳೋಣ," ಎಂದರು.