ದೌತಿಯೊಳಗಿನ ಬಟ್ಟೆ ಚೂರು: ಈ ತಿಂಗಳ ಕೆಲಸ

ಕಪಾಟಿನಲ್ಲಿ ಸುಮ್ನೆ ಕೂತಿದ್ದ ಹಿತ್ತಾಳೆ ದೌತಿಗೆ ಈ ತಿಂಗಳು ಕೊನೆಗೂ ಕೈ ಹಾಕಿದೆ. ತುಮಕೂರು ಕಡೆಯ ಹಳೇ ಶಾನುಭೋಗರ ಮನೆಯೊಂದರಿಂದ ಬಂದದ್ದು ಅದು. ನಿಂಬೆಹಣ್ಣಿನಷ್ಟು ದೊಡ್ಡ ಮಸಿ ಕುಡಿಕೆ, ಅದಕ್ಕೆ ಬೆಸೆದ ಗೇಣುದ್ದದ ಲೇಖನಿ ಕೊಳವೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಊರೂರು ತಿರುಗಲು ಹೇಳಿ ಮಾಡಿಸಿದಂತಿದೆ. ಕೊಡುವಾಗ ಆ ಮನೆಯ ಅಜ್ಜಿ, "ನಮ್ಮ ಮಾವನವರದ್ದು ಕಣಪ್ಪಾ. ಹುಣಸೆಹಣ್ಣು ಹಾಕಿ ಉಜ್ಜಬೇಡ, ಅವರ ಕೈ ಆಡಿದ್ದು ಹೋಗಿಬಿಡತ್ತೆ" ಅಂದಿದ್ದರು. ಆ ಮಾತು ಮೀರಿಲ್ಲ. ಹೆಬ್ಬೆರಳು ತಾಗುವ ಜಾಗದಲ್ಲಿ ಕೆತ್ತನೆಯ ಬಳ್ಳಿ ಸವೆದು ನುಣ್ಣಗಾಗಿದೆ. ಮಾರುವವರು ಇಂಥವನ್ನು ಫಳಫಳ ಹೊಳೆಸಿ ಇಡುತ್ತಾರೆ. ನನಗಂತೂ ಅದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಳಗೆ ಮಸಿ ಗಟ್ಟಿಯಾಗಿ ಕೂತಿತ್ತು. ಉಗುರುಬೆಚ್ಚಗಿನ ನೀರು ತುಂಬಿಸಿ ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ನೀರು ಕಾಡಿಗೆಯ ಹಾಗೆ ಕಪ್ಪಗಾಗಿತ್ತು. ಅಂದರೆ ಗೋಂದು ಹಾಕಿ ಅರೆದ ಕಾಡಿಗೆ ಮಸಿಯೇ ಇರಬೇಕು, ಗೋಂದು ನೀರಿಗೆ ಮತ್ತೆ ಕರಗುತ್ತದಲ್ವಾ. ಕಡ್ಡಿ ಹಾಕಿ ತಿರುವಿದರೆ ಒಂದು ಮುದ್ದೆ ಸಿಕ್ಕಿತು. ಕಸ ಅಂತ ಎಸೆಯುವವನಿದ್ದೆ. ತೊಳೆದು ಬಿಡಿಸಿದೆ. ಬಟ್ಟೆ ಚೂರು! ಅಂಚಿನಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಅದನ್ನು ಬೇಕಂತಲೇ ಒಳಗೆ ಇಡುತ್ತಿದ್ದರು. ಮಸಿಯೆಲ್ಲ ಬಟ್ಟೆಯಲ್ಲಿ ನಿಲ್ಲುತ್ತದೆ, ದೌತಿ ವಾಲಿದರೂ ಚೆಲ್ಲುವುದಿಲ್ಲ. ಲೇಖನಿಯನ್ನು ಒತ್ತಿದರೆ ಬೇಕಾದಷ್ಟೇ ಅಂಟುತ್ತದೆ, ತುದಿಯೂ ಮೊಂಡಾಗುವುದಿಲ್ಲ. ಆ ಚೂರನ್ನು ನೆರಳಲ್ಲಿ ಒಣಗಿಸಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ದೌತಿಗೆ ಹೊಸ ರೇಷ್ಮೆ ಚೂರು ಹಾಕಿದೆ.

ಇನ್ನು ಮಸಿ. ಮೊದಲು ಅಳಲೆಕಾಯಿಯದ್ದು ಮಾಡಿದೆ. ಗ್ರಂಧಿಗೆ ಅಂಗಡಿಯಿಂದ ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಹಸಿರು ಉಪ್ಪು) ತಂದೆ. ಕಾಯಿ ಜಜ್ಜಿ ಎರಡು ದಿನ ನೆನೆಸಿ, ಕುದಿಸಿ ಸೋಸಿದರೆ ಟೀ ಬಣ್ಣದ ಕಷಾಯ. ಅದಕ್ಕೆ ಅನ್ನಭೇದಿಯ ನೀರು ಬಿದ್ದ ಕ್ಷಣ ಕಪ್ಪು ಸುರುಳಿ ಸುರುಳಿಯಾಗಿ ಇಳಿಯುವುದನ್ನು ನೋಡಬೇಕು! ಬರೆದಾಗ ತುಸು ತೆಳು ಬಣ್ಣ, ಗಾಳಿ ತಾಗಿದ ಮೇಲೆ ಗಾಢ. ಆದರೆ ಈ ಮಸಿ ಹುಳಿ ಗುಣದ್ದು, ಹಿತ್ತಾಳೆಯನ್ನು ತಿನ್ನುತ್ತದೆ. ಅನ್ನಭೇದಿ ಜಾಸ್ತಿಯಾದರೆ ಕಾಗದವನ್ನೂ ತಿನ್ನುತ್ತದೆ. ಹಾಗಾಗಿ ಅದು ಗಾಜಿನ ಬಾಟಲಿಗೆ ಹೋಯಿತು. ದೌತಿಗೆ ಹರಳೆಣ್ಣೆ ದೀಪದ ಕಾಡಿಗೆ ಹಿಡಿದು, ಜಾಲಿ ಗೋಂದಿನ ನೀರಲ್ಲಿ ಅರೆದೆ. ಅರೆಯುವುದರಲ್ಲೇ ಎಲ್ಲ ಇದೆ. ಒಂದು ಗಂಟೆ ಅರೆದದ್ದು ಕಾಗದದ ಮೇಲೆ ಕಾಳು ಕಾಳಾಗಿ ಕಂಡಿತು. ಮೂರು ಸಂಜೆ ಕೂತು ಅರೆದ ಮೇಲೆ ನುಣ್ಣಗೆ ಬಂತು.

ನಡುವೆ ಒಂದು ಪೆನ್ ಕೆಲಸವೂ ಆಯಿತು. ಮೇಬಿ ಟಾಡ್ ಕಂಪನಿಯ ಬ್ಲ್ಯಾಕ್‌ಬರ್ಡ್, ಪಕ್ಕದಲ್ಲಿ ಸಣ್ಣ ಲಿವರ್ ಇರುವಂಥದ್ದು. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಸಿಕ್ಕಿತ್ತು. ಒಳಗೆ ಮಸಿ ತುಂಬುವ ರಬ್ಬರ್ ಚೀಲ ಒಣಗಿ ಪುಡಿಯಾಗಿತ್ತು. ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ ಪೆನ್ನನ್ನು ದಯವಿಟ್ಟು ಬಿಸಿನೀರಿಗೆ ಹಾಕಬೇಡಿ. ಹೋದ ವರ್ಷ ಒಂದು ಮುಚ್ಚಳ ಹಾಕಿ ಕಪ್ಪು ಹೋಗಿ ಕಂದಾಗಿತ್ತು, ಆ ನೋವು ಇನ್ನೂ ಇದೆ. ಈ ಸಲ ಒಣ ಶಾಖ ಕೊಟ್ಟು ನಿಧಾನ ಬಿಡಿಸಿದೆ. ಹೊಸ ಚೀಲವನ್ನು ಅಂಟಿಸಿದ್ದು ಅರಗಿನಿಂದ, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಶೆಲ್ಯಾಕ್. ಮುಂದೆ ಯಾರಾದರೂ ಬಿಚ್ಚಬೇಕಾದರೆ ಸ್ವಲ್ಪ ಶಾಖಕ್ಕೆ ಬಿಟ್ಟುಕೊಡುತ್ತದೆ. ಸೂಪರ್ ಗ್ಲೂ ಹಾಕಿದ ಪೆನ್ ಕಂಡರೆ ಬೇಸರವಾಗುತ್ತದೆ. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಈಗ ಚುನಾವಣೆಯ ಶಾಯಿಗೇ ಹೆಸರುವಾಸಿ. ಅದರ ಹಳೇ ಹೆಸರಲ್ಲಿದ್ದ ಅರಗು ಇದೇ.

ನಿನ್ನೆ ಸಂಜೆ ಬಿದಿರು ಕಡ್ಡಿಯನ್ನು ಓರೆಯಾಗಿ ಕೆತ್ತಿ, ತುದಿ ಸೀಳಿ, ದೌತಿಯಲ್ಲಿ ಅದ್ದಿದೆ. ಕಡತದಲ್ಲಿ ಬರೆಯುತ್ತಿದ್ದ ಹಾಗೆ ಮೇಲೆ 'ಶ್ರೀ' ಬರೆದೆ. ದೀರ್ಘ ಎಳೆಯುವಾಗ ಒಂದು ಸಲ ತಡವರಿಸಿತು, ಆಮೇಲೆ ಹರಿಯಿತು. ಅದರ ಕೆಳಗೆ ಅಜ್ಜಿಗೆ ಎರಡು ಸಾಲು ಕಾಗದ ಬರೆದಿದ್ದೇನೆ. ಕಾಡಿಗೆ ಮಸಿಗೆ ನೀರು ತಾಗಿದರೆ ಅಳಿಸಿಹೋಗುತ್ತದೆ, ಮಳೆಗಾಲ ಬೇರೆ. ಪ್ಲಾಸ್ಟಿಕ್ ಹೊದಿಸಿ ನಾಳೆ ಅಂಚೆಗೆ ಹಾಕುತ್ತೇನೆ.